ಹೆಲ್ಮೆಟ್‌ಗೆ ಹೆಡ್‌ಸೆಟ್ ತಗೊಳ್ಳುವ ಮೊದಲು ಕಿವಿ ಎಲ್ಲಿ ಕೂರುತ್ತದೆ ನೋಡಿ

ಹೆಲ್ಮೆಟ್‌ಗೆ ಯಾವ ಬ್ಲೂಟೂತ್ ಹೆಡ್‌ಸೆಟ್ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಹೆಲ್ಮೆಟ್ ಯಾವುದು? ಕಂಪನಿ, ರೇಂಜು, ಬೆಲೆ ಎಲ್ಲ ಆಮೇಲೆ. ಹೆಲ್ಮೆಟ್ ಒಳಗೆ ಅಂಟಿಸುವ ಸ್ಪೀಕರ್ ಕಿವಿಯ ಎದುರಿಗೆ ಕೂರದಿದ್ದರೆ 30 ಸಾವಿರದ ಹೆಡ್‌ಸೆಟ್ ಕೂಡ ಸರಿಯಾಗಿ ಕೂರಿಸಿದ 3 ಸಾವಿರದ್ದಕ್ಕಿಂತ ಕೆಟ್ಟದಾಗಿ ಕೇಳಿಸುತ್ತದೆ.

ನಾನು ದಾವಣಗೆರೆಯಲ್ಲಿದ್ದುಕೊಂಡು ಬೀಜದ ಕಂಪನಿಯೊಂದರ ಫೀಲ್ಡ್ ಕೆಲಸ ಮಾಡುತ್ತೇನೆ. ಮೆಕ್ಕೆಜೋಳದ ಬಿತ್ತನೆ ಶುರುವಾಯಿತು ಅಂದರೆ ಬೆಳಗ್ಗೆ ಜಗಳೂರು, ಮಧ್ಯಾಹ್ನ ಭರಮಸಾಗರ, ಸಂಜೆ ಚಿತ್ರದುರ್ಗ. ದಿನವೆಲ್ಲ ಗಾಡಿ ಮೇಲೆ. ಡೀಲರ್‌ಗಳ ಫೋನು, ರೈತರ ಫೋನು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಫೋನನ್ನು ಹೆಲ್ಮೆಟ್ ಒಳಗೆ ಕೆನ್ನೆಗೆ ಸಿಕ್ಕಿಸಿಕೊಂಡು, ಕತ್ತು ವಾಲಿಸಿ ಮಾತಾಡುತ್ತಾ ಹೋಗುವವರನ್ನು ಪಿ.ಬಿ. ರಸ್ತೆಯಲ್ಲಿ ದಿನಾ ನೋಡುತ್ತೇನೆ. ನೋಡಿದಾಗಲೆಲ್ಲ ಎದೆ ಧಸಕ್ ಅನ್ನುತ್ತದೆ. ಕೆಲಸದ ಮೇಲೆ ಗಾಡಿ ಓಡಿಸುವ ನಮ್ಮಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಲ್ಮೆಟ್ ಒಳಗೆ ನೋಡಿ. ಕೆನ್ನೆಯ ಪ್ಯಾಡ್ ಬಿಚ್ಚಿದರೆ ಕಿವಿಯ ಜಾಗದಲ್ಲಿ ದುಂಡಗೆ ಒಂದು ಗುಳಿ ಇರಬೇಕು. ಸಾಮಾನ್ಯವಾಗಿ ಹೆಡ್‌ಸೆಟ್ ಸ್ಪೀಕರ್‌ಗಳು 40 ಮಿಲಿಮೀಟರ್ ಅಗಲ ಇರುತ್ತವೆ. ಅವು ಕೂರುವಷ್ಟು ಅಗಲ, ಆಳ ಎರಡೂ ಆ ಗುಳಿಗೆ ಇರಬೇಕು. ಗುಳಿ ಇಲ್ಲದ ಹೆಲ್ಮೆಟ್‌ಗೆ ಸ್ಪೀಕರ್ ಅಂಟಿಸಿದರೆ ಅರ್ಧ ಗಂಟೆಯಲ್ಲಿ ಕಿವಿ ಕೆಂಪಗಾಗಿ ಉರಿಯುತ್ತದೆ. ಆಗ ಕೆಲವರು ಬ್ಲೇಡ್ ಹಿಡಿದು ಒಳಗಿನ ಥರ್ಮಾಕೋಲ್ ಕೆತ್ತಲು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಿದ್ದಾಗ ಪೆಟ್ಟನ್ನು ತಾನು ತಿಂದು ತಲೆ ಉಳಿಸುವುದು ಅದೇ ಪದರ. ಅದನ್ನು ಕೆತ್ತಿದ ಮೇಲೆ ಹೆಲ್ಮೆಟ್ ಹಿಂದಿರುವ ಐಎಸ್‌ಐ ಗುರುತಿಗೆ, ಐಎಸ್ 4151 ಅನ್ನುವ ನಂಬರಿಗೆ ಬೆಲೆಯೇ ಇಲ್ಲ. ಹೆಲ್ಮೆಟ್ ಹಳೆಯದಾಗಿದ್ದರೆ ಮೊದಲು ಗುಳಿ ಇರುವ ಹೊಸ ಹೆಲ್ಮೆಟ್ ತಗೊಳ್ಳಿ, ಉಳಿದ ದುಡ್ಡಲ್ಲಿ ಹೆಡ್‌ಸೆಟ್ ನೋಡಿ.

ಸ್ಪೀಕರ್ ಕೂರಿಸುವುದು ಈ ಇಡೀ ವ್ಯವಹಾರದ ಜೀವ. ಮೊದಲೇ ಗಟ್ಟಿಯಾಗಿ ಅಂಟಿಸಬೇಡಿ. ವೆಲ್ಕ್ರೋ ಮೇಲೆ ಸುಮ್ನೆ ಒತ್ತಿಟ್ಟು ಹೆಲ್ಮೆಟ್ ಹಾಕಿಕೊಳ್ಳಿ, ಪಟ್ಟಿ ಬಿಗಿಯಿರಿ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡು ಹಾಕಿ. ಈಗ ಎರಡೂ ಕೈಯಲ್ಲಿ ಹೆಲ್ಮೆಟ್ ಹಿಡಿದು ಸ್ವಲ್ಪ ಮುಂದಕ್ಕೆ, ಹಿಂದಕ್ಕೆ, ಮೇಲಕ್ಕೆ, ಕೆಳಕ್ಕೆ ಅಲ್ಲಾಡಿಸಿ. ಒಂದು ಜಾಗಕ್ಕೆ ಬಂದಾಗ ಸದ್ದು ತಟ್ಟನೆ ಏರುತ್ತದೆ, ತಬಲಾದ ಗುಂ ಅನ್ನುವ ದನಿ ತುಂಬಿ ಬರುತ್ತದೆ. ಹೆಲ್ಮೆಟ್ ಯಾವ ಕಡೆ ಸರಿದಾಗ ಹಾಗಾಯಿತೋ, ಸ್ಪೀಕರನ್ನು ಅದೇ ಕಡೆಗೆ ಸರಿಸಿ ಅಂಟಿಸಿ. ಎಡ ಬಲ ಬೇರೆ ಬೇರೆ ನೋಡಬೇಕು, ಎರಡೂ ಕಿವಿ ಒಂದೇ ಎತ್ತರದಲ್ಲಿ ಇರುವುದಿಲ್ಲ.

ಆಮೇಲೆ ಇನ್ನೊಂದು ಪರೀಕ್ಷೆ. ಅಂಗೈಗಳಿಂದ ಹೆಲ್ಮೆಟ್‌ನ ಎರಡೂ ಬದಿ ಒತ್ತಿ. ಒತ್ತಿದಾಗ ಸದ್ದು ಜಾಸ್ತಿಯಾದರೆ ಸ್ಪೀಕರ್ ಕಿವಿಯಿಂದ ದೂರ ಇದೆ ಅಂತ ಅರ್ಥ. ಡಬ್ಬಿಯಲ್ಲಿ ತೆಳ್ಳನೆಯ ಸ್ಪಂಜಿನ ಬಿಲ್ಲೆಗಳು ಬಂದಿರುತ್ತವೆ, ಒಂದನ್ನು ಸ್ಪೀಕರ್ ಹಿಂದೆ ಇಡಿ. ಕಿವಿಗೆ ತಾಗಿಯೂ ತಾಗದ ಹಾಗೆ ಇರಬೇಕು. ಇದಕ್ಕೆ ಅರ್ಧ ಗಂಟೆ ಕೊಟ್ಟರೆ ಸಾಕು. ಸೌಂಡೇ ಇಲ್ಲ ಅಂತ ಹೆಡ್‌ಸೆಟ್ ವಾಪಸ್ ಕಳಿಸುವ ಎಷ್ಟೋ ಜನರ ತೊಂದರೆ ಇಲ್ಲೇ ಮುಗಿಯುತ್ತದೆ.

ಕಿವಿಗೆ ಇಯರ್‌ಬಡ್ ಹಾಕಿಕೊಂಡು ಮೇಲೆ ಹೆಲ್ಮೆಟ್ ಹಾಕಿದರೆ ಆಗಲ್ವಾ ಅಂತ ಕೇಳುತ್ತಾರೆ. ಬೇಡ. ಹೆಲ್ಮೆಟ್ ಹಾಕುವಾಗ ಬಡ್ ತಿರುಚುತ್ತದೆ, ಒತ್ತಿ ನೋವಾಗುತ್ತದೆ, ಕಿವಿಯೊಳಗಿನ ಹಾಡಿನಲ್ಲಿ ಹಿಂದಿನ ಲಾರಿಯ ಹಾರ್ನ್ ಮುಚ್ಚಿಹೋಗುತ್ತದೆ. ಜಾರಿದರೆ ಸರಿಮಾಡಲು ಕೈ ಹೋಗುವುದಿಲ್ಲ.

ಇನ್ನು ಮೈಕ್. ಫುಲ್ ಫೇಸ್ ಹೆಲ್ಮೆಟ್‌ಗೆ ಗಲ್ಲದ ಒಳಗೆ ಅಂಟಿಸುವ ವೈರ್ ಮೈಕ್ ಬೇಕು. ಮುಂದೆ ತೆರೆದಿರುವ ಹೆಲ್ಮೆಟ್‌ಗೂ, ಮುಖ ಮೇಲಕ್ಕೆತ್ತುವ ಹೆಲ್ಮೆಟ್‌ಗೂ ಕಡ್ಡಿ ಮೈಕ್ ಬೇಕು. ಕೆಲವು ಡಬ್ಬಿಯಲ್ಲಿ ಎರಡೂ ಇರುತ್ತವೆ, ಕೆಲವದರಲ್ಲಿ ಒಂದೇ. ಕೇಳಿಯೇ ತಗೊಳ್ಳಿ. ಮೈಕಿಗೆ ಮುಖ, ಬೆನ್ನು ಅಂತ ಇರುತ್ತದೆ. ಚುಕ್ಕೆಯೋ ಬಾಣವೋ ಇರುವ ಕಡೆ ತುಟಿಗೆ ಬರಬೇಕು. ತಿರುವಿ ಅಂಟಿಸಿದರೆ ಆ ಕಡೆಯವರಿಗೆ ನಿಮ್ಮ ಮಾತಿಗಿಂತ ಗಾಳಿಯೇ ಜಾಸ್ತಿ ಕೇಳಿಸುತ್ತದೆ. ಮೈಕಿನ ಮೇಲಿನ ಸ್ಪಂಜಿನ ಟೋಪಿ ಕಳೆದರೆ ಅವತ್ತೇ ಹೊಸದು ಹಾಕಿ.

ನಮ್ಮ ಕಡೆ ಗಾಳಿಯ ವಿಷಯ ಸಣ್ಣದಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸಾಲಾಗಿ ನಿಂತಿರುವುದು ಸುಮ್ನೆ ಅಲ್ಲ. ಆಷಾಢದಲ್ಲಿ ಹೆದ್ದಾರಿ 48ರಲ್ಲಿ ಅಡ್ಡಗಾಳಿ ಬಂದು ಗಾಡಿಯನ್ನೇ ಪಕ್ಕಕ್ಕೆ ತಳ್ಳುತ್ತದೆ. ಅಂಗಡಿಯಲ್ಲಿ ನಿಂತು ಹಲೋ ಹಲೋ ಅಂದರೆ ಎಲ್ಲ ಹೆಡ್‌ಸೆಟ್ಟೂ ಚೆನ್ನಾಗಿಯೇ ಕೇಳುತ್ತವೆ, ಅದರಿಂದ ಏನೂ ತಿಳಿಯುವುದಿಲ್ಲ. ಮನೆಯಲ್ಲಿರುವ ಒಬ್ಬರಿಗೆ ಫೋನ್ ಮಾಡಿ, ಕಾಲ್ ರೆಕಾರ್ಡ್ ಮಾಡಿಕೊಳ್ಳಲು ಹೇಳಿ, ಖಾಲಿ ರಸ್ತೆಯಲ್ಲಿ 40, 60, 80ರ ವೇಗದಲ್ಲಿ ಒಂದೇ ವಾಕ್ಯ ಹೇಳಿ. ನಾನು ಹೇಳುವುದು "ನಾಳೆ ಹತ್ತು ಚೀಲ ಕಳಿಸಿ". ವಾಪಸ್ ಬಂದು ಕೇಳಿದಾಗ 60ರಲ್ಲಿ "ಹತ್ತು" ಹೋಗಿ "ಹತ್ತಿ" ಆಗಿದ್ದರೆ ಆ ಮೈಕ್ ನನ್ನ ಕೆಲಸಕ್ಕೆ ಬರುವುದಿಲ್ಲ. ಆನ್‌ಲೈನಲ್ಲಿ ತರಿಸಿದ್ದರೆ ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಈ ಪರೀಕ್ಷೆ ಮುಗಿಸಿ.

ಸದ್ದು ಎಷ್ಟಿರಬೇಕು? ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಒತ್ತಿ ಹೇಳುತ್ತೇನೆ. ದಿನಕ್ಕೆ 8 ಗಂಟೆ ಕೇಳಲು 85 ಡೆಸಿಬಲ್ ಮಿತಿ ಅಂತ ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯೋಷ್ ಸಂಸ್ಥೆ ಇಟ್ಟಿದೆ. ಅದಕ್ಕಿಂತ 3 ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ. ಹೆದ್ದಾರಿ ವೇಗದಲ್ಲಿ ಹೆಲ್ಮೆಟ್ ಒಳಗಿನ ಗಾಳಿಯ ಸದ್ದೇ ಈ ಮಿತಿ ದಾಟುತ್ತದೆ. ಅದನ್ನು ಮೀರಿಸಲು ಹಾಡು ಏರಿಸಿದರೆ ಕಿವಿಗೆ ಎರಡು ಪೆಟ್ಟು. ದೂರದ ದಾರಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಮೆತ್ತನೆಯ ಸ್ಪಂಜಿನ ಇಯರ್‌ಪ್ಲಗ್ ಹಾಕಿ ನೋಡಿ. ಗಾಳಿಯ ಮೊರೆತ ತಗ್ಗುತ್ತದೆ, ಸ್ಪೀಕರ್ ಎದುರಿಗಿದ್ದರೆ ಮಾತು ಇನ್ನೂ ಬಿಡಿಬಿಡಿಯಾಗಿ ಕೇಳುತ್ತದೆ. ಹಾರ್ನ್ ಕೂಡ ಕೇಳುತ್ತದೆ. ಊರೊಳಗೆ ಬಂದಾಗ ತೆಗೆದುಬಿಡಿ.

ಡಬ್ಬಿಯ ಮೇಲೆ ಐಪಿ ಅಂತ ಒಂದು ನಂಬರ್ ಇರುತ್ತದೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿ67 ಅಂದರೆ ಧೂಳು ಒಳಗೆ ಹೋಗದು, 1 ಮೀಟರ್ ನೀರಲ್ಲಿ 30 ನಿಮಿಷ ಇದ್ದರೂ ತಡೆಯುತ್ತದೆ. ಐಪಿಎಕ್ಸ್5 ಅಂತಿದ್ದರೆ ಆ ಎಕ್ಸ್ ಅಂದರೆ ಧೂಳಿಗೆ ಪರೀಕ್ಷೆ ಮಾಡಿದ ಅಂಕಿ ಕೊಟ್ಟಿಲ್ಲ ಅಂತ. ಜಗಳೂರು, ಚಳ್ಳಕೆರೆ ಕಡೆ ಮಳೆಗಿಂತ ಧೂಳೇ ನಮ್ಮ ಶತ್ರು, ಹಾಗಾಗಿ ನಾನು ಮೊದಲ ಅಂಕಿಯನ್ನೇ ನೋಡುತ್ತೇನೆ. ಚಾರ್ಜ್ ಮಾಡುವ ತೂತಿನ ರಬ್ಬರ್ ಮುಚ್ಚಳ ಸರಿಯಾಗಿ ಒತ್ತಿರದಿದ್ದರೆ ಯಾವ ನಂಬರೂ ಉಪಯೋಗಕ್ಕೆ ಬರುವುದಿಲ್ಲ.

ಬ್ಯಾಟರಿ 8 ರಿಂದ 10 ಗಂಟೆ ಬಂದರೆ ಕೆಲಸದ ಒಂದು ದಿನ ಮುಗಿಯುತ್ತದೆ. ಟೈಪ್-ಸಿ ಚಾರ್ಜರ್ ಇರುವುದನ್ನೇ ಆರಿಸಿ, ಫೋನಿನ ವೈರೇ ಸಾಕಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಹೆಲ್ಮೆಟನ್ನು ಟ್ಯಾಂಕಿನ ಮೇಲೆ ಬಿಟ್ಟುಹೋಗಬೇಡಿ. ಲಿಥಿಯಂ ಬ್ಯಾಟರಿಗೆ ಬಿಸಿ ಆಗದು. ಕೈಗೆ ಸುಡುವಷ್ಟು ಕಾದಿದ್ದರೆ ಆರಿದ ಮೇಲೆ ಚಾರ್ಜಿಗೆ ಹಾಕಿ.

ಜನ ದುಡ್ಡು ಸುರಿಯುವುದು ಇಂಟರ್‌ಕಾಮ್‌ಗೆ, ಅಂದರೆ ಫೋನ್ ಕರೆ ಇಲ್ಲದೆ ಹೆಲ್ಮೆಟ್‌ನಿಂದ ಹೆಲ್ಮೆಟ್‌ಗೆ ಮಾತಾಡುವ ಸೌಲಭ್ಯಕ್ಕೆ. ಒಬ್ಬರೇ ಓಡಾಡುವವರಿಗೆ ಅದರ ಅಗತ್ಯವೇ ಇಲ್ಲ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಸೂಳೆಕೆರೆಗೋ ವಾಣಿವಿಲಾಸ ಸಾಗರಕ್ಕೋ ಹೋಗುವವರಿಗೆ ಇಬ್ಬರ ಬ್ಲೂಟೂತ್ ಇಂಟರ್‌ಕಾಮ್ ಧಾರಾಳ ಸಾಕು. ನಾಲ್ಕೈದು ಗಾಡಿ ಗುಂಪಾಗಿ ಹೋಗುವವರಿಗೆ ಮಾತ್ರ ಮೆಶ್ ಅನ್ನುವ ಬಲೆಯಂಥ ಜೋಡಣೆ ಬೇಕು. ಸಾದಾ ಬ್ಲೂಟೂತ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ಸರಪಳಿ ಹಾಗೆ ಜೋಡಣೆ ಇರುತ್ತದೆ, ನಡುವಿನವರು ಹಿಂದೆ ಬಿದ್ದರೆ ಸರಪಳಿ ತುಂಡಾಗುತ್ತದೆ. ಮೆಶ್ ತಾನಾಗಿಯೇ ಬೇರೆ ದಾರಿ ಹಿಡಿದು ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಕಾರ್ಡೋ, ಸೇನಾ ಥರದ ಕಂಪನಿಗಳ ಮೆಶ್ ಒಂದಕ್ಕೊಂದು ಸಾಮಾನ್ಯವಾಗಿ ಹೊಂದುವುದಿಲ್ಲ. ಗೆಳೆಯರ ಹತ್ತಿರ ಯಾವುದಿದೆ ಅಂತ ಕೇಳಿಯೇ ತಗೊಳ್ಳಿ. ಡಬ್ಬಿಯ ಮೇಲೆ 1 ಕಿಲೋಮೀಟರ್ ಅಂತ ಬರೆದಿದ್ದರೆ ಅದು ನಡುವೆ ಏನೂ ಅಡ್ಡ ಇಲ್ಲದ ಬಯಲಿನ ಲೆಕ್ಕ. ಗುಡ್ಡ ಸುತ್ತುವ ರಸ್ತೆಯಲ್ಲಿ, ಮುಂದಿನ ಗಾಡಿ ತಿರುವು ದಾಟಿದ ಕೂಡಲೇ ಮಾತು ತುಂಡಾಗಬಹುದು.

ಬಟನ್ ಇರುವ ಯುನಿಟ್ ಹೆಲ್ಮೆಟ್‌ನ ಎಡಕ್ಕಿರಲಿ, ಆಗ ಬಲಗೈ ಆಕ್ಸಿಲರೇಟರ್ ಬಿಡಬೇಕಿಲ್ಲ. ಗ್ಲೌಸ್ ಹಾಕಿದ ಬೆರಳಿಗೆ ಬಟನ್ ಗೊತ್ತಾಗಬೇಕು, ಅಂಗಡಿಯಲ್ಲೇ ಗ್ಲೌಸ್ ಹಾಕಿ ಒತ್ತಿ ನೋಡಿ. ಕ್ಲಿಪ್ಪಿನಿಂದ ಕಚ್ಚಿಸುವುದು ನನಗೆ ಇಷ್ಟ. ಅಂಟಿಸುವುದೇ ಆದರೆ ಸ್ಪಿರಿಟ್‌ನಲ್ಲಿ ಒರೆಸಿ, ಅಂಟಿಸಿ, ಒಂದು ರಾತ್ರಿ ಹಾಗೇ ಬಿಡಿ.

ಕರೆ ಬಂದರೆ ತಾನಾಗಿ ಎತ್ತಿಕೊಳ್ಳುವ ಸೆಟ್ಟಿಂಗ್ ಇರುತ್ತದೆ, ಅದನ್ನು ಆಫ್ ಮಾಡಲು ಬರುವ ಹೆಡ್‌ಸೆಟ್ ಆರಿಸಿ. ನಾನು ಆಫ್ ಮಾಡಿಟ್ಟಿದ್ದೇನೆ. ಕೈಯಲ್ಲಿ ಫೋನ್ ಹಿಡಿದು ಓಡಿಸುವುದು ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಲ್ಲಿ ಅಪಾಯಕಾರಿ ಚಾಲನೆ ಅನಿಸಿಕೊಳ್ಳುತ್ತದೆ, 2019ರ ತಿದ್ದುಪಡಿಯಲ್ಲಿ ಅದನ್ನು ಸೇರಿಸಿದರು. ಕೈ ಖಾಲಿ ಇದ್ದರೂ ಮನಸ್ಸು ಮಾತಿನಲ್ಲೇ ಇದ್ದರೆ ಎದುರಿನ ಟ್ರ್ಯಾಕ್ಟರ್ ಕಾಣುವುದಿಲ್ಲ. ಆಮೇಲೆ ಮಾಡ್ತೀನಿ ಅಂತ ಒಂದು ಮಾತು ಹೇಳಿ ಇಡಬೇಕು, ಉದ್ದದ ಮಾತಿದ್ದರೆ ಗಾಡಿ ಪಕ್ಕಕ್ಕೆ ನಿಲ್ಲಿಸಬೇಕು. ನನಗೆ ಹೆಡ್‌ಸೆಟ್ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ದಾರಿ ಕೇಳಲು. ಮ್ಯಾಪ್ಸ್ ಕನ್ನಡದಲ್ಲೇ ಹೇಳುತ್ತದೆ, ಸರ್ವಿಸ್ ರಸ್ತೆಗೆ ಇಳಿಯಬೇಕಾದ ಕಡೆ ಫೋನ್ ನೋಡುವ ಕೆಲಸವಿಲ್ಲ.

ದುಡ್ಡು ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: ಮೈಕ್, ಸ್ಪೀಕರ್ ಬಿಡಿಯಾಗಿ ಸಿಗುತ್ತದಾ? ದಿನಾ ಹೆಲ್ಮೆಟ್ ಹಾಕಿ ತೆಗೆಯುವಾಗ ಮೊದಲು ಸೋಲುವುದು ಮೈಕಿನ ವೈರು. ಬಿಡಿಭಾಗ ಸಿಗದ ಹೆಡ್‌ಸೆಟ್‌ನಲ್ಲಿ ಸಣ್ಣದೊಂದು ವೈರ್ ಹರಿದರೂ ಪೂರ್ತಿ ಸೆಟ್ ಮೂಲೆಗೆ ಹೋಗುತ್ತದೆ. ಸಿಗುತ್ತದೆ ಅಂದರೆ ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಆ ಬಿಲ್ಲಿನ ಫೋಟೋ ಫೋನಿನಲ್ಲಿಟ್ಟುಕೊಳ್ಳಿ.