ಮಳೆಗೊಂದು ಟಯರು, ಬಿಸಿಲಿಗೊಂದು ಟಯರು: ಕಿಲೋಮೀಟರಿಗೆ ಒಂದೂವರೆ ರೂಪಾಯಿಯ ನನ್ನ ಲೆಕ್ಕ

ನಮ್ಮ ಕಡೆ ಬೈಕಿನ ಖರ್ಚು ಅಂದರೆ ಪೆಟ್ರೋಲು, ಅಷ್ಟೇ. ಉಳಿದದ್ದನ್ನು ಯಾರೂ ಬರೆದಿಡುವುದಿಲ್ಲ. ನಾನು ಪೆಟ್ರೋಲಿನ ಮೇಲೆ ಕಿಲೋಮೀಟರಿಗೆ ಒಂದೂವರೆ ರೂಪಾಯಿ ಬೇರೆ ತೆಗೆದಿಡುತ್ತೇನೆ. ಐದು ವರ್ಷದ ಹಿಂದೆ ಇದನ್ನು ಶುರು ಮಾಡಿದಾಗ ಗ್ಯಾರೇಜಿನವರಿಂದ ಹಿಡಿದು ಮನೆಯವರವರೆಗೆ ಎಲ್ಲರೂ ಬೇಡ ಅಂದರು. ಈಗ ಅದೇ ಗ್ಯಾರೇಜಿನಲ್ಲಿ ಕೂತು ಇಬ್ಬರು ಮಿತ್ರರು ನನ್ನ ಪುಸ್ತಕ ನೋಡಿ ತಮ್ಮ ಲೆಕ್ಕ ಬರೆದುಕೊಂಡಿದ್ದಾರೆ. ಹಾಗಾಗಿ ಇಷ್ಟು ವಿವರವಾಗಿ ಬರೆಯುವ ಧೈರ್ಯ ಬಂದಿದೆ.

ನನ್ನ ದಾರಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದಿಂದ, ಗಡಿ ದಾಟಿ ಮಂಗಳೂರಿನ ಬಳಿಯ ದೇರಳಕಟ್ಟೆಗೆ. ಸೀತಾಂಗೋಳಿ, ಕುಂಬಳೆ, ಬಂದ್ಯೋಡು, ಉಪ್ಪಳ, ತಲಪಾಡಿ. ಒಂದು ಬದಿಗೆ 50 ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ತಿಂಗಳಿಗೆ 2000ದ ಆಸುಪಾಸು. ಪಾಳಿ ಕೆಲಸ, ಕೆಲವು ದಿನ ಬಿಡುವಾಗ ರಾತ್ರಿ ಹತ್ತು ಗಂಟೆ ದಾಟಿರುತ್ತದೆ. ಸಮಯ ಹೊಂದುವವರಿಗೆ ಕುಂಬಳೆಯಿಂದ ರೈಲಿನ ತಿಂಗಳ ಪಾಸ್ ಎಲ್ಲಕ್ಕಿಂತ ಅಗ್ಗ, ಸುರಕ್ಷಿತ ಕೂಡ. ಅಂಥವರು ಸುಮ್ನೆ ಬೈಕು ಹಿಡಿಯಬೇಡಿ. ನನಗೆ ಹೊಂದುವುದಿಲ್ಲ.

ಗಾಡಿ 125 ಸಿಸಿ, ಮುಂದೆ ಡಿಸ್ಕ್ ಬ್ರೇಕ್, ಸಿಬಿಎಸ್ (ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿಯುವಂಥದ್ದು). 2019ರ ಏಪ್ರಿಲ್‌ನಿಂದ 125ಕ್ಕಿಂತ ಮೇಲಿನ ಹೊಸ ಗಾಡಿಗಳಿಗೆಲ್ಲ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವಂಥದ್ದು) ಕಡ್ಡಾಯವಾಯಿತು, 125 ಮತ್ತು ಅದಕ್ಕಿಂತ ಕೆಳಗಿನವಕ್ಕೆ ಸಿಬಿಎಸ್ ಸಾಕಿತ್ತು. ಲೀಟರಿಗೆ 55 ಸಿಗುತ್ತದೆ. ಪೆಟ್ರೋಲು ತಲಪಾಡಿ ದಾಟಿ ಕರ್ನಾಟಕದ ಬದಿಯಲ್ಲಿ ಹಾಕಿಸುತ್ತೇನೆ. ಕೇರಳದಲ್ಲಿ ತೆರಿಗೆ ಜಾಸ್ತಿ, ಅದರ ಮೇಲೆ 2023ರ ಏಪ್ರಿಲ್‌ನಿಂದ ಲೀಟರಿಗೆ ಎರಡು ರೂಪಾಯಿ ಸೆಸ್ ಬೇರೆ. ಲೀಟರಿಗೆ ಮೂರು ನಾಲ್ಕು ರೂಪಾಯಿ ಉಳಿಯುತ್ತದೆ, ತಿಂಗಳಿಗೆ ನೂರು ನೂರೈವತ್ತು. ದಾರಿಯಲ್ಲೇ ಸಿಗುವವರಿಗೆ ಇದು ಲಾಭ. ಪೆಟ್ರೋಲು ಹಾಕಿಸಲಿಕ್ಕೆಂದೇ ಹತ್ತು ಕಿಲೋಮೀಟರ್ ಹೋಗಿ ಬರುವವರನ್ನು ಕಂಡಿದ್ದೇನೆ, ಅದರಲ್ಲಿ ಏನೂ ಉಳಿಯುವುದಿಲ್ಲ. ಅಂತೂ ಪೆಟ್ರೋಲಿಗೆ ಕಿಲೋಮೀಟರಿಗೆ 1.90 ರೂಪಾಯಿ ಹಿಡಿಯಿರಿ.

ಒಂದೂವರೆ ರೂಪಾಯಿ ಬಂದದ್ದು ಹೀಗೆ. ಟಯರಿಗೆ 15 ಪೈಸೆ, ಆಯಿಲಿಗೆ 15, ಚೈನ್ ಸೆಟ್ಟಿಗೆ 10, ಬ್ರೇಕಿಗೆ 5, ಗ್ಯಾರೇಜಿನ ಕೂಲಿ ಮತ್ತು ಚಿಲ್ಲರೆ ಸಾಮಾನಿಗೆ 15. ಅಲ್ಲಿಗೆ 60 ಪೈಸೆ. ವಿಮೆಗೆ 10. ಹೆಲ್ಮೆಟ್, ಜಾಕೆಟ್, ಮಳೆ ಕೋಟು, ಗ್ಲೌಸಿಗೆ 20. ಉಳಿದದ್ದು ಗಾಡಿಯ ಬೆಲೆ ಇಳಿಯುವ ಲೆಕ್ಕ: ಲಕ್ಷದ ಹತ್ತಿರ ಕೊಟ್ಟು ತೆಗೆದ ಬೈಕು ಒಂದು ಲಕ್ಷ ಚಿಲ್ಲರೆ ಕಿಲೋಮೀಟರ್ ಓಡಿದ ಮೇಲೆ 35 ಸಾವಿರಕ್ಕೆ ಹೋದರೆ ಪುಣ್ಯ. ಅದಕ್ಕೆ 60 ಪೈಸೆ ಬೇಕೇ ಬೇಕು.

ಮೊದಲು ಒಂದೇ ರೂಪಾಯಿ ಇಟ್ಟು ನೋಡಿದೆ, ಬೆಲೆ ಇಳಿಯುವುದನ್ನು ಹಿಡಿಯದೆ. ಎರಡನೇ ವರ್ಷ ಟಯರು, ಚೈನು, ವಿಮೆ ಮೂರೂ ಒಂದೇ ತಿಂಗಳಲ್ಲಿ ಬಂದವು, ಡಬ್ಬಿ ಖಾಲಿ. ಆಮೇಲೆ ಒಂದೂವರೆ ಮಾಡಿದೆ. ಬೇರೆ ಬ್ಯಾಂಕ್ ಖಾತೆ, ಅದಕ್ಕೆ ಎಟಿಎಂ ಕಾರ್ಡಿಲ್ಲ. ತಿಂಗಳ ಕೊನೆಗೆ ಮೀಟರ್ ನೋಡಿ 3000 ರೂಪಾಯಿಯ ಆಸುಪಾಸು ಹಾಕುತ್ತೇನೆ. ಪೆಟ್ರೋಲು ಸೇರಿ ವರ್ಷಕ್ಕೆ 80 ಸಾವಿರ ದಾಟುತ್ತದೆ. ಹಳೆ ಸಣ್ಣ ಕಾರು ಇದೇ ದಾರಿಗೆ ಪೆಟ್ರೋಲಿಗೇ ಒಂದೂಕಾಲು ಲಕ್ಷಕ್ಕಿಂತ ಜಾಸ್ತಿ ತಿನ್ನುತ್ತದೆ.

ಈ ಖಾತೆಯ ಗುಣ ಇಷ್ಟೇ: ಟಯರು ಬದಲಿಸಬೇಕಾದ ದಿನ ಕೈಯಲ್ಲಿ ದುಡ್ಡಿದೆಯೇ ಎಂದು ಯೋಚಿಸಬೇಕಾಗಿಲ್ಲ. ನಮ್ಮಲ್ಲಿ ಸಂಬಳ ಬರಲಿ, ಅಡಿಕೆ ಮಾರಿ ಆಗಲಿ ಎಂದು ಬೋಳು ಟಯರಿನಲ್ಲಿ ಎರಡು ತಿಂಗಳು ತಳ್ಳುವವರೇ ಜಾಸ್ತಿ. ಆ ಎರಡು ತಿಂಗಳು ಜೂನ್ ಜುಲೈ ಆದರೆ ಕಥೆ ಮುಗಿಯಿತು.

ಜನ ಅತಿ ಹೆಚ್ಚು ನಕ್ಕದ್ದು ನನ್ನ ಟಯರಿನ ಪದ್ಧತಿಗೆ. ಹಿಂದಿನ ಚಕ್ರದ ಟಯರಿನದ್ದು ಸುಲಭ. ಅದು ನನಗೆ ಸುಮಾರು 24 ಸಾವಿರ ಕಿಲೋಮೀಟರ್ ಬರುತ್ತದೆ, ಅಂದರೆ ಒಂದು ವರ್ಷ. ಪ್ರತಿ ಮೇ ಕೊನೆಗೆ ಹೊಸತು. ನವೆಂಬರ್‌ನಲ್ಲಿ ಹಾಕಿದರೆ ಸವೆದ ಭಾಗವೆಲ್ಲ ಮಳೆಗಾಲಕ್ಕೆ ಬೀಳುತ್ತದೆ, ಮೇಯಲ್ಲಿ ಹಾಕಿದರೆ ಬಿಸಿಲಿಗೆ. ದುಡ್ಡು ಅಷ್ಟೇ, ತಿಂಗಳು ಮಾತ್ರ ಬೇರೆ.

ಮುಂದಿನ ಚಕ್ರದ್ದರಲ್ಲಿ ಕೆಲಸ ಇದೆ. ಅದು 36, 38 ಸಾವಿರದವರೆಗೆ ಓಡುತ್ತದೆ, ಹಾಗಾಗಿ ಎರಡನೇ ಮಳೆಗಾಲ ಬರುವಾಗ ಮೂರರಲ್ಲಿ ಎರಡು ಪಾಲು ಸವೆದಿರುತ್ತದೆ. ಎಸೆಯಲು ಮನಸ್ಸಾಗದು, ಮಳೆಗೆ ನಂಬಲೂ ಆಗದು. ಹಿಂದಿನ ಚಕ್ರ ಜಾರಿದರೆ ಗಾಡಿ ಹಿಡಿಯಬಹುದು, ಮುಂದಿನದ್ದು ಜಾರಿದರೆ ಹಿಡಿಯಲು ಸಮಯವೇ ಸಿಗದು. ನಾನು ಮಾಡುವುದು ಇಷ್ಟು: ಎರಡನೇ ಮೇಯಲ್ಲಿ ಹೊಸ ಮುಂದಿನ ಟಯರು ಹಾಕಿಸಿ, ಹಳೆಯದನ್ನು ಮನೆಗೆ ತರುತ್ತೇನೆ. ನವೆಂಬರ್‌ನಲ್ಲಿ ಹಳೆಯದು ಪುನಃ ಗಾಡಿಗೆ, ಮಳೆಯದು ಮನೆಗೆ. ಬಿಸಿಲಿನ ಆರೇಳು ತಿಂಗಳಲ್ಲಿ ಹಳೆಯದರ ಆಯುಷ್ಯ ಮುಗಿಯುತ್ತದೆ. ಮುಂದಿನ ಮೇಗೆ ಮಳೆಯ ಟಯರು ಇನ್ನೂ ಹತ್ತು ಸಾವಿರವಷ್ಟೇ ಓಡಿರುತ್ತದೆ. ಮೂರು ವರ್ಷಕ್ಕೆ ಎರಡು ಟಯರು. ಮೊದಲೂ ಅಷ್ಟೇ ಬೇಕಾಗುತ್ತಿತ್ತು. ಜಾಸ್ತಿಯಾದದ್ದು ಬಿಚ್ಚಿ ಹಾಕುವ ಕೂಲಿ ಮಾತ್ರ, ಸಲಕ್ಕೆ ನೂರೈವತ್ತು ಇನ್ನೂರು. ಗ್ಯಾರೇಜಿನವರು “ಇದು ಲಾರಿಯಾ?” ಎಂದು ಕೇಳಿದ್ದರು. ಪುಸ್ತಕ ತೋರಿಸಿದ ಮೇಲೆ ಕೇಳಲಿಲ್ಲ.

ಇದು ಸರಿಯಾಗಲು ಸಮಯ ಹಿಡಿಯಿತು. ಮೊದಲ ಟಯರನ್ನು ಅಟ್ಟದಲ್ಲಿ ಮೊಳೆಗೆ ತೂಗಿಸಿದ್ದೆ. ಆರು ತಿಂಗಳಲ್ಲಿ ಅಂಚು ಒಂದು ಬದಿ ಎಳೆದು, ರಿಮ್ಮಿಗೆ ಕೂರಲೇ ಇಲ್ಲ, ಬೆಳಗಾಗುವಾಗ ಗಾಳಿ ಇಳಿದಿರುತ್ತಿತ್ತು. 1700 ರೂಪಾಯಿ ಹೋಯಿತು. ಈಗ ಗೋಣಿಯಲ್ಲಿ ಸುತ್ತಿ ನೆಟ್ಟಗೆ ನಿಲ್ಲಿಸುತ್ತೇನೆ, ಕತ್ತಲೆ ಕೋಣೆಯಲ್ಲಿ, ಇನ್ವರ್ಟರಿನಿಂದ ದೂರ. ಟಯರ್ ತೆಗೆದುಕೊಳ್ಳುವಾಗ ಬದಿಯಲ್ಲಿರುವ ನಾಲ್ಕು ಅಂಕಿ ನೋಡಿಯೇ ನೋಡಿ. 2324 ಎಂದಿದ್ದರೆ 2024ರ 23ನೇ ವಾರದ್ದು. ಎರಡು ವರ್ಷ ಅಂಗಡಿಯಲ್ಲಿ ಕೂತದ್ದನ್ನು ಹೊಸತು ಎಂದು ಕೊಡುವವರಿದ್ದಾರೆ. ನನ್ನ ಪದ್ಧತಿಗೆ ಹಳೆ ಟಯರು ನಡೆಯುವುದಿಲ್ಲ, ಏಕೆಂದರೆ ಮನೆಯಲ್ಲೂ ಅದು ಒಂದಷ್ಟು ತಿಂಗಳು ಕೂರಬೇಕು. ಮಳೆಗೆ ಯಾವ ಕಂಪನಿಯ ಯಾವ ಮಾದರಿ ಎಂದು ತುಂಬಾ ಜನ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಗಾಡಿ ಬೇರೆಯಾದರೆ ಉತ್ತರವೂ ಬೇರೆ, ಮತ್ತು ಅದಕ್ಕೆ ನಾನು ಸಾಕಷ್ಟು ದುಡ್ಡು ಸುರಿದಿದ್ದೇನೆ.

ನಮ್ಮ ರಸ್ತೆಯ ಅಪಾಯ ನಿಮಗೆ ಗೊತ್ತೇ ಇದೆ. ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಮಳೆ. ರಬ್ಬರ್ ತೋಟದ ನೆರಳಿರುವ ತಿರುವುಗಳಲ್ಲಿ ಪಾಚಿ. ಗುಡ್ಡ ಅಗೆದ ಕೆಂಪು ಮಣ್ಣು ಲಾರಿಯಿಂದ ಬಿದ್ದರೆ ಮೊದಲ ಮಳೆಗೆ ಸಾಬೂನಿನ ಹಾಗೆ. ರಾತ್ರಿ ಕಾಡುಹಂದಿ. ಹೆದ್ದಾರಿ 66 ಷಟ್ಪಥವಾದ ಮೇಲೆ ವೇಗ ಕೂಡಿತು. ನನಗೆ ಅದಕ್ಕಿಂತ ಹೆದರಿಕೆ ಸರ್ವೀಸ್ ರಸ್ತೆಯದ್ದು. ಎದುರಿನಿಂದ ತಪ್ಪು ಬದಿಯಲ್ಲಿ ಸ್ಕೂಟರ್ ಬರುತ್ತದೆ, ಅದೂ ಹೆಡ್‌ಲೈಟ್ ಎತ್ತರಿಸಿಕೊಂಡು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ. ಅವರಲ್ಲಿ ನೂರಕ್ಕೆ 44ಕ್ಕಿಂತ ಜಾಸ್ತಿ ಜನ ದ್ವಿಚಕ್ರದಲ್ಲಿದ್ದವರು. ಇದು ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ.

ಮಳೆ ಕೋಟಿನಲ್ಲಿ ನನ್ನಷ್ಟು ದುಡ್ಡು ಕಳೆದವರು ಕಡಿಮೆ. ರಸ್ತೆ ಬದಿಯ ಆರುನೂರರ ಕೋಟು ಜೂನ್ ಮುಗಿಯುವ ಮೊದಲೇ ಕಾಲಿನ ಸಂದಿಯಲ್ಲಿ ಹರಿಯುತ್ತದೆ. ಹೊಲಿಗೆಯ ಮೇಲೆ ಒಳಗಿನಿಂದ ಟೇಪ್ ಅಂಟಿಸಿದ್ದು ಬೇಕು, ಎರಡು ಸಾವಿರದ ಹತ್ತಿರ. ಎರಡು ಮಳೆಗಾಲ ಬರುತ್ತದೆ. ಕಾಲಿಗೆ ಒಂದು ವರ್ಷ ಅಡಿಕೆಗೆ ಬೋರ್ಡೋ ಔಷಧಿ ಸಿಂಪಡಿಸುವವರ ಗಂಬೂಟು ಹಾಕಿ ನೋಡಿದೆ. ನಾನೂರು ರೂಪಾಯಿ, ನೀರು ಒಂದು ಹನಿ ಒಳಗೆ ಬರಲಿಲ್ಲ. ಗೇರ್ ಎತ್ತಲು ಮಾತ್ರ ಕಷ್ಟ, ಲಿವರನ್ನು ಒಂದು ಹಲ್ಲು ಮೇಲೆ ಕೂರಿಸಿದ ಮೇಲೆ ಸರಿಯಾಯಿತು. ಸ್ಲಿಪ್ಪರಿನಲ್ಲಿ ಹೋಗುವುದಕ್ಕಿಂತ ನೂರು ಪಾಲು ಮೇಲು. ಹೆಲ್ಮೆಟ್ಟಿನ ಗಾಜಿಗೆ ಮಂಜು ಕಟ್ಟುವುದಕ್ಕೆ ಪಾತ್ರೆ ಸೋಪು, ಶೇವಿಂಗ್ ಫೋಮ್, ಕೊಯ್ದ ಬಟಾಟೆ ಎಲ್ಲ ಹಚ್ಚಿ ನೋಡಿದೆ. ಸೋಪು ಕುಂಬಳೆವರೆಗೆ ತಡೆಯುತ್ತದೆ, ಉಪ್ಪಳಕ್ಕಲ್ಲ. ಕೊನೆಗೆ ಒಳಗೆ ಎರಡನೇ ಪದರ ಕೂರಿಸುವ ಪಿನ್‌ಲಾಕ್ ಗಾಜು ಹಾಕಿಸಿದೆ, ಆ ಸಮಸ್ಯೆ ಮುಗಿಯಿತು. ಹೊರಗಿನಿಂದ ನೀರು ಜಾರಲು ನಾನು ಹಚ್ಚುವುದು ಬೇರೆ ಒಂದಿದೆ, ಅದು ನನ್ನಲ್ಲೇ ಇರಲಿ.

ಹೆಚ್ಚುವರಿ ಲೈಟ್ ಹಾಕಿಸಿದ್ದು ಸರಿಬರಲಿಲ್ಲ. ಬ್ಯಾಟರಿ ಕುಡಿಯಿತು, ಎದುರಿನವರಿಗೂ ಕಣ್ಣು ಕುಕ್ಕುತ್ತಿತ್ತು. ತೆಗೆಸಿದೆ. ಅದರ ಬದಲು ರಸ್ತೆ ಕೆಲಸದವರ ಹಸಿರು ಮಿಶ್ರ ಹಳದಿ ಜಾಕೆಟ್ಟು, ಇನ್ನೂರು ರೂಪಾಯಿಯದ್ದು, ಕೋಟಿನ ಮೇಲೆ. ರಾತ್ರಿ ಲಾರಿಯವರು ನನಗೆ ಬಿಡುವ ಜಾಗವೇ ಬೇರೆಯಾಯಿತು.

ಎರಡು ವರ್ಷದ ಹಿಂದೆ ಸೀತಾಂಗೋಳಿ ಇಳಿಜಾರಿನಲ್ಲಿ ಬಿದ್ದೆ. ತಿರುವಿನ ಆಚೆ ಮಣ್ಣು ಹರಡಿತ್ತು, ವೇಗ 35 ಇರಬಹುದು. ಆ ಕೆಸರಿಗೆ ಯಾವ ಟಯರೂ ಹಿಡಿಯುವುದಿಲ್ಲ. ಜಾಕೆಟ್ಟಿನ ಮೊಣಕೈ ಪ್ಯಾಡು ಹರಿಯಿತು, ಕೈ ಉಳಿಯಿತು. ಮಣಿಕಟ್ಟಿನಲ್ಲಿ ಸಣ್ಣ ಬಿರುಕು, ಎರಡು ವಾರ ರಜೆ. ಗಾಡಿಗೆ ಏಳು ಸಾವಿರ, ಎಕ್ಸ್‌ರೇ ಮದ್ದಿಗೆ ಮೂರು, ಹೊಸ ಹೆಲ್ಮೆಟ್ ಜಾಕೆಟ್ಟಿಗೆ ಒಂಬತ್ತು. ಒಮ್ಮೆ ನೆಲಕ್ಕೆ ಬಡಿದ ಹೆಲ್ಮೆಟ್ಟನ್ನು ನಾನು ಪುನಃ ಹಾಕುವುದಿಲ್ಲ. ಎಲ್ಲ ಸೇರಿ 19 ಸಾವಿರ, ಖಾತೆಯಿಂದಲೇ ಹೋಯಿತು. ಮನೆಯ ಖರ್ಚಿಗೆ ಒಂದು ರೂಪಾಯಿ ಪೆಟ್ಟು ಬೀಳಲಿಲ್ಲ. ಬೇಡ ಅಂದವರು ಬಾಯಿ ಮುಚ್ಚಿದ್ದು ಆ ತಿಂಗಳು.

ವಿಮೆಯ ವಿಷಯದಲ್ಲಿ ತಿಳಿದವರೂ ಎಡವುತ್ತಾರೆ. ಗಾಡಿಯ ಪಾಲಿಸಿಯಲ್ಲಿ ಬರುವ 15 ಲಕ್ಷದ ಅಪಘಾತ ವಿಮೆ ಮಾಲಿಕ ಸತ್ತರೆ ಅಥವಾ ಶಾಶ್ವತ ಅಂಗ ಊನವಾದರೆ ಮಾತ್ರ. ಆಸ್ಪತ್ರೆ ಬಿಲ್ಲು ಅದರಲ್ಲಿ ಇಲ್ಲ, ರಜೆಯ ಸಂಬಳವೂ ಇಲ್ಲ. ಥರ್ಡ್ ಪಾರ್ಟಿ 75 ದಾಟಿ 150 ಸಿಸಿವರೆಗೆ 2022ರಲ್ಲಿ ನಿಗದಿಯಾದ ದರದಲ್ಲಿ 714 ರೂಪಾಯಿ ಮತ್ತು ಜಿಎಸ್‌ಟಿ, ಅದು ಎದುರಿನವರಿಗೆ. ನಾನು ಬೇರೆ ಒಂದು ಅಪಘಾತ ಪಾಲಿಸಿ ಮಾಡಿಸಿದ್ದೇನೆ, ಕೆಲಸಕ್ಕೆ ಹೋಗಲಾಗದ ವಾರಗಳಿಗೆ ದುಡ್ಡು ಕೊಡುವಂಥದ್ದು. ಮಣಿಕಟ್ಟಿನ ಸಮಯದಲ್ಲಿ ಅದು ಬಂತು, ಅಲೆದಾಡಿಸಿಯೇ ಬಂತು. ಇನ್ನೊಂದು, ಎನ್‌ಸಿಬಿ (ಕ್ಲೇಮ್ ಹಾಕದ ವರ್ಷಕ್ಕೆ ಮರುವರ್ಷ ಸಿಗುವ ರಿಯಾಯಿತಿ) ಹೋಗುತ್ತದೆ, ಸಣ್ಣದಕ್ಕೆ ಕ್ಲೇಮ್ ಹಾಕಬೇಡ ಎನ್ನುವ ಮಾತು. ಅದು ಕಾರಿಗೆ ಸರಿ. ಎನ್‌ಸಿಬಿ ಸಿಗುವುದು ಗಾಡಿಯ ಹಾನಿಯ ಪ್ರೀಮಿಯಮ್ಮಿಗೆ ಮಾತ್ರ, ಬೈಕಿನಲ್ಲಿ ಅದೇ ಕೆಲವು ನೂರು. ನಾನು ಕ್ಲೇಮ್ ಹಾಕಿದೆ. ಪ್ಲಾಸ್ಟಿಕ್, ರಬ್ಬರಿಗೆ ಅರ್ಧ ಕಡಿದರು, ಆದರೂ ನಾಲ್ಕು ಸಾವಿರ ಬಂತು. ಮರುವರ್ಷ ಪ್ರೀಮಿಯಂ ಏರಿದ್ದು ಮುನ್ನೂರರಷ್ಟು.

ಆರೋಗ್ಯ ವಿಮೆ ಮಾಡುವಾಗ ಮಂಗಳೂರು, ದೇರಳಕಟ್ಟೆಯ ಆಸ್ಪತ್ರೆಗಳು ನಗದುರಹಿತ ಪಟ್ಟಿಯಲ್ಲಿವೆಯೇ ನೋಡಿ. ತಲೆಗೆ ಪೆಟ್ಟಾದರೆ ನಾವು ಓಡುವುದು ಅಲ್ಲಿಗೇ ಅಲ್ವಾ? 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿ ಇಲ್ಲದಿದ್ದರೆ ನಮ್ಮ ಗತಿ ಏನೆಂದು ಜಿಲ್ಲೆಯೇ ಕಂಡಿದೆ. 2025ರ ಮೇಯಿಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಇದೆ. ಮನೆಯವರಿಗೆ ಇದನ್ನು ಹೇಳಿಟ್ಟಿರಿ, ಬಿದ್ದವನಿಗೆ ಹೇಳಲು ಆಗುವುದಿಲ್ಲ. ವೈಯಕ್ತಿಕ ಆರೋಗ್ಯ ಪಾಲಿಸಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ನಾನು ಆ ಉಳಿತಾಯದಲ್ಲಿ ಮೊತ್ತ ಏರಿಸಿದೆ.

ಹಿಂದೆ ಕೂರುವ ಹೆಂಡತಿಗೂ ನನ್ನಷ್ಟೇ ಬೆಲೆಯ ಹೆಲ್ಮೆಟ್. ಕೇರಳದಲ್ಲಿ 2019ರ ಡಿಸೆಂಬರ್‌ನಿಂದ ಹಿಂಬದಿಯವರಿಗೂ ಕಡ್ಡಾಯ, 2023ರ ಜೂನ್‌ನಿಂದ ಎಐ ಕ್ಯಾಮೆರಾ ದಂಡ ಕಳಿಸುತ್ತಿದೆ, 500 ರೂಪಾಯಿ. ದಂಡ ತಪ್ಪಿಸಲು ಮುನ್ನೂರರ ಟೋಪಿ ತರುವವರಿಗೆ ನಾನು ಹೇಳುವುದು ಒಂದೇ: ಐಎಸ್‌ಐ ಗುರುತು ನೋಡಿ, ಪಟ್ಟಿ ಕಟ್ಟಿ ಎರಡೂ ಕೈಯಿಂದ ಹಿಂದಿನಿಂದ ಮುಂದಕ್ಕೆ ಎಳೆದು ನೋಡಿ. ಕಳಚಿ ಬಂದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಈಗ ಖಾತೆಯಲ್ಲಿ ಅರುವತ್ತು ಸಾವಿರದ ಹತ್ತಿರ ಇದೆ. ಹಳೆ ಗಾಡಿಗೆ ಬರುವುದನ್ನು ಸೇರಿಸಿದರೆ ಮುಂದಿನ ಬೈಕಿಗೆ ಸಾಲ ಬೇಕಾಗದು. ಈ ಸಲ ಎಬಿಎಸ್ ಇರುವುದನ್ನೇ ತೆಗೆಯುವುದು. 350 ಸಿಸಿವರೆಗಿನವಕ್ಕೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದರಿಂದ ಆ ಹೆಚ್ಚಿನ ಬೆಲೆ ಹೆಚ್ಚುಕಡಿಮೆ ಅದರಲ್ಲೇ ಹೋಗುತ್ತದೆ. 160 ಸಿಸಿಯಾದರೆ ಥರ್ಡ್ ಪಾರ್ಟಿ 1366 ಆಗುತ್ತದೆ, ಟಯರೂ ದಪ್ಪ, ಮೈಲೇಜ್ ಲೀಟರಿಗೆ 45. ಕಿಲೋಮೀಟರಿಗೆ ಒಂದೂವರೆ ಸಾಲದು, ಒಂದೂಮುಕ್ಕಾಲು ಇಡಬೇಕು ಎಂದು ಬರೆದಿಟ್ಟಿದ್ದೇನೆ. ಏಪ್ರಿಲ್‌ನಲ್ಲಿ ತೆಗೆದರೆ ಹೊಸ ಟಯರಿನಲ್ಲೇ ಮೊದಲ ಮಳೆ ಸಿಗುತ್ತದೆ.