ಗಜಕರ್ಣದ ಪರೀಕ್ಷೆಗೆ ಹೋಗುವ ಮುನ್ನ

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಮಳೆ ಹಿಡಿದು ಬಟ್ಟೆ ಒಣಗದ ದಿನಗಳಲ್ಲಿ ತೊಡೆಸಂದಿಯಲ್ಲೋ ಸೊಂಟದಲ್ಲೋ ಗಜಕರ್ಣ ಎಂಬ ಶಿಲೀಂಧ್ರದ ಚರ್ಮರೋಗ ಎದ್ದರೆ ಹೆಚ್ಚಿನವರು ಮೊದಲು ಹೋಗುವುದು ಔಷಧಿ ಅಂಗಡಿಗೆ. ಅಲ್ಲಿ ಕೊಡುವ ಮಿಶ್ರ ಮುಲಾಮಿನಲ್ಲಿ ಕ್ಲೋಬೆಟಾಸಾಲ್ ಅಥವಾ ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇದ್ದರೆ ತುರಿಕೆ ಬೇಗ ಇಳಿಯುತ್ತದೆ. ಆದರೆ ಆ ಜಾಗದ ರೋಗನಿರೋಧಕ ಶಕ್ತಿ ಕುಗ್ಗಿ ಶಿಲೀಂಧ್ರ ಹರಡುತ್ತಲೇ ಹೋಗುತ್ತದೆ. ಉಂಗುರದಂಥ ಕೆಂಪು ಅಂಚು ಅಳಿಸಿಹೋಗುವುದರಿಂದ ಅನುಭವಿ ವೈದ್ಯರಿಗೂ ಬರಿಗಣ್ಣಿನಲ್ಲಿ ಗುರುತಿಸುವುದು ಕಷ್ಟವಾಗುತ್ತದೆ. ಇಂಥ ಸಂದರ್ಭದಲ್ಲಿ, ಕೆರೆದ ಚರ್ಮದ ಹೊಟ್ಟಿನಲ್ಲಿ ಶಿಲೀಂಧ್ರವನ್ನು ಹುಡುಕುವ ಕೆಓಎಚ್ ಪರೀಕ್ಷೆ ಮಾಡಿಸಬಹುದೇ ಎಂದು ಸಂಕೋಚವಿಲ್ಲದೆ ಕೇಳಬೇಕು.

ಹಚ್ಚಿದ ಮುಲಾಮಿನ ಟ್ಯೂಬುಗಳನ್ನು, ಖಾಲಿಯಾಗಿದ್ದರೂ ಸರಿ, ಜೊತೆಗೆ ಒಯ್ಯಿರಿ. ಶಿಲೀಂಧ್ರನಾಶಕ ಹಚ್ಚುತ್ತಿದ್ದರೆ ಪರೀಕ್ಷೆಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಿ. ನುಂಗುವ ಸ್ಟೀರಾಯ್ಡ್ ಮಾತ್ರೆಯನ್ನಂತೂ ತಾವಾಗಿಯೇ ನಿಲ್ಲಿಸಬೇಡಿ. ಪರೀಕ್ಷೆಯ ದಿನ ಬೆಳಿಗ್ಗೆ ಆ ಜಾಗಕ್ಕೆ ಎಣ್ಣೆ, ಪೌಡರ್ ಏನನ್ನೂ ಹಚ್ಚಬಾರದು.

ಪರೀಕ್ಷೆ ಸರಳವಾದುದು. ಮೊಂಡು ಅಲಗಿನಿಂದ ಕಲೆಯ ಅಂಚನ್ನು ಮೆಲ್ಲಗೆ ಕೆರೆದಾಗ ಉದುರುವ ಬಿಳಿ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಹಾಕುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಚರ್ಮದ ಕೋಶಗಳು ಕರಗಿ ತಿಳಿಯಾಗುತ್ತವೆ. ಶಿಲೀಂಧ್ರವಿದ್ದರೆ ಕವಲೊಡೆದ ತೆಳು ಎಳೆಗಳು ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುತ್ತವೆ. ಕಲೆಯ ನಡುಭಾಗ ವಾಸಿಯಾಗುತ್ತಿರುವುದರಿಂದ ಅಲ್ಲಿ ಕೆರೆದರೆ ಎಳೆಗಳು ಸಿಗದಿರಬಹುದು, ಅಂಚಿಗೆ ಮಹತ್ವ ಬಂದಿರುವುದು ಅದಕ್ಕೇ. ಒಮ್ಮೆ ಏನೂ ಕಾಣಲಿಲ್ಲವೆಂದರೆ ರೋಗವೇ ಇಲ್ಲವೆಂದು ತಿಳಿಯಬಾರದು. ಕಲ್ಚರ್‌ಗೆ, ಅಂದರೆ ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಲು, ಕಳಿಸಿದರೆ ಫಲಿತಾಂಶಕ್ಕೆ ಕೆಲವು ವಾರ ಕಾಯಬೇಕಾಗುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಿಂದೆ ಟರ್ಬಿನಾಫಿನ್ ಎಂಬ ಶಿಲೀಂಧ್ರನಾಶಕ ಮಾತ್ರೆಯ ಎರಡು ವಾರಗಳ ಚಿಕಿತ್ಸೆಗೆ ಬಗ್ಗುತ್ತಿದ್ದ ಗಜಕರ್ಣ ಈಗ ಹಲವರಲ್ಲಿ ಬಗ್ಗುತ್ತಿಲ್ಲ. ಜಪಾನಿನ ಸಂಶೋಧಕರು 2020ರಲ್ಲಿ ವಿವರಿಸಿದ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಶಿಲೀಂಧ್ರ ನಮ್ಮ ದೇಶದಲ್ಲಿ ವ್ಯಾಪಕವಾಗಿದ್ದು, ಅದರ ಜೀನಿನಲ್ಲಾದ ಬದಲಾವಣೆಯಿಂದ ಆ ಔಷಧ ಎಷ್ಟೋ ಸಲ ನಾಟುವುದಿಲ್ಲ. ಆಗ ವೈದ್ಯರು ಇಟ್ರಾಕೊನಾಜೋಲ್ ಎಂಬ ಇನ್ನೊಂದು ಶಿಲೀಂಧ್ರನಾಶಕ ಕೊಡಬಹುದು. ಬೇರೆ ಮಾತ್ರೆಗಳ ಜೊತೆ ಅದು ಹೊಂದದಿರುವುದುಂಟು, ಆದ್ದರಿಂದ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ತಿಳಿಸಿ; ಹೃದಯ, ಯಕೃತ್ತಿನ ತೊಂದರೆಯಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಮನೆಯಲ್ಲಿ ಇನ್ನೊಬ್ಬರಿಗೂ ತುರಿಕೆಯಿದ್ದರೆ ಒಟ್ಟಿಗೇ ಚಿಕಿತ್ಸೆ ಆಗಬೇಕು, ಟವೆಲ್ ಬೇರೆ ಇರಬೇಕು.

ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಹೊಸ ಚಿಕಿತ್ಸೆಯ ಅಧ್ಯಯನಕ್ಕೆ ಸೇರುವಿರಾ ಎಂದು ಕೇಳಿದರೆ ಹೆದರಬೇಕಿಲ್ಲ, ಆದರೆ ಅವಸರದಲ್ಲಿ ಸಹಿ ಹಾಕಲೂಬೇಡಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆದು ಮನೆಯವರೊಂದಿಗೆ ಓದಿ. ಅಧ್ಯಯನವು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿದೆಯೇ, ರೋಗಿಗಳ ಹಿತ ಕಾಯುವ ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು ಎಂದು ವಿಚಾರಿಸಿ. ಯಾವಾಗ ಬೇಕಾದರೂ ಹೊರಬರುವ ಹಕ್ಕು ನಿಮಗಿದೆ, ಹೊರಬಂದರೆ ಮಾಮೂಲಿ ಚಿಕಿತ್ಸೆ ತಪ್ಪಬಾರದು. ಸಹಿ ಮಾಡಿದ ಪತ್ರದ ಒಂದು ಪ್ರತಿಯನ್ನು ಪಡೆದು ಆ ಟ್ಯೂಬುಗಳ ಚೀಲದಲ್ಲೇ ಇಟ್ಟುಕೊಳ್ಳಿ.