ಕೈ ನಡುಗಿದರೆ ಮೊದಲು ಮಾತ್ರೆ ಡಬ್ಬಿ ತೆಗೆಯಿರಿ

ನಮ್ಮಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ದಿನಾ ಹಾಲಿನ ಲೆಕ್ಕ ಬರೆದಿಡುತ್ತಾರೆ. ಒಂದು, ಒಂದೂವರೆ, ಹಾಲು ಬಾರದ ದಿನ ‘ಇಲ್ಲ’. ಹೋದ ವರ್ಷ ಆಗಸ್ಟ್ ಕೊನೆಗೆ ಹಾಲಿನವರಿಗೆ ದುಡ್ಡು ಕೊಡೋಣವೆಂದು ನೋಡಿದರೆ ಅಂಕಿಗಳೇ ಕಾಣಲಿಲ್ಲ, ಸಾಸಿವೆ ಕಾಳಿನಷ್ಟಾಗಿದ್ದವು. ಹಿಂದಿನ ಹಾಳೆಗಳನ್ನು ತಿರುವಿದೆ. ಮಾರ್ಚ್‌ನಲ್ಲಿ ಚೌಕದ ತುಂಬ ದುಂಡನೆಯ ಅಂಕಿ. ಮೇ ಕೊನೆಯಿಂದ ಕುಗ್ಗುತ್ತಾ ಬಂದಿತ್ತು.

ಆ ಹೊತ್ತಿಗೆ ಅಮ್ಮನ ಎರಡೂ ಕೈ ನಡುಗುತ್ತಿದ್ದವು. ಪಾದ ಎಳೆದುಕೊಂಡು ನಡೆಯುತ್ತಿದ್ದರು. ಮೊಮ್ಮಗ ಬಂದರೂ ಮುಖದಲ್ಲಿ ನಗು ಏಳುತ್ತಿರಲಿಲ್ಲ. ನೋಡಿದವರೆಲ್ಲ ‘ಪಾರ್ಕಿನ್‌ಸನ್ ಇರಬೇಕು, ವಯಸ್ಸಾಯ್ತಲ್ಲ’ ಅಂದರು. ನಾನೂ ನಂಬಿದ್ದೆ. ಆದರೆ ಏಪ್ರಿಲ್‌ನಲ್ಲಿ ಒಬ್ಬ ಡಾಕ್ಟರು ತಲೆಸುತ್ತಿಗೆ ಸಿನ್ನರಿಜಿನ್ ಬರೆದಿದ್ದರು, ಇನ್ನೊಬ್ಬರು ಗ್ಯಾಸಿಗೆ ಲೆವೊಸಲ್ಪಿರೈಡ್ ಸೇರಿದ ಕ್ಯಾಪ್ಸೂಲ್ ಕೊಟ್ಟಿದ್ದರು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಹದಿನೈದು ದಿನಕ್ಕೆಂದು ಬರೆದದ್ದನ್ನು ನಾವೇ ಖಾಲಿ ಸ್ಟ್ರಿಪ್ ತೋರಿಸಿ ತಿಂಗಳುಗಟ್ಟಲೆ ತಂದು ನುಂಗಿಸಿದ್ದೆವು.

ಮೈ ಸರಾಗವಾಗಿ ಆಡಬೇಕಾದರೆ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಕೆಲಸ ಮಾಡಬೇಕು. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಅದನ್ನು ತಯಾರಿಸುವ ಜೀವಕೋಶಗಳೇ ಸಾಯುತ್ತಾ ಹೋಗುತ್ತವೆ. ಆದರೆ ಕೆಲವು ಮಾತ್ರೆಗಳಿಂದಲೂ ಇಂಥದೇ ನಡುಕ, ಎಳೆದ ನಡಿಗೆ ಬರುತ್ತದೆ. ಹಾಗೆ ಮಾತ್ರೆಯಿಂದ ಬಂದದ್ದರಲ್ಲಿ ಸಾಮಾನ್ಯವಾಗಿ ಡೋಪಮೈನ್ ಇರುತ್ತದೆ, ಅದು ಹೋಗಿ ಕೂರಬೇಕಾದ ಜಾಗವನ್ನು ಔಷಧಿ ಹಿಡಿದುಕೊಂಡಿರುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ.

ಹಾಗಾಗಿ ಮನೆಯಲ್ಲಿರುವ ಮಾತ್ರೆಯನ್ನೆಲ್ಲ ಹಾಸಿಗೆ ಮೇಲೆ ಸುರುವಿ. ಮುಗಿದ ಸ್ಟ್ರಿಪ್, ಸಿರಪ್, ಪಕ್ಕದ ಮನೆಯವರು ಕೊಟ್ಟದ್ದು, ಯಾವುದನ್ನೂ ಬಿಡಬೇಡಿ. ದೊಡ್ಡಕ್ಷರದ ಕಂಪನಿ ಹೆಸರು ಬೇಡ, ಹಿಂಬದಿಯಲ್ಲಿ ಸಣ್ಣಗೆ ಬರೆದಿರುವ ಔಷಧಿಯ ಹೆಸರು ನೋಡಿ. ಅಂಗಡಿಯಲ್ಲಿ ಕತ್ತರಿಸಿ ಕೊಟ್ಟಿದ್ದರೆ ಆ ಹೆಸರು ಅರ್ಧ ಹೋಗಿರುತ್ತದೆ. ಪೂರ್ತಿ ಸ್ಟ್ರಿಪ್ ಕೇಳಿ ಫೋಟೊ ತೆಗೆದುಕೊಳ್ಳಿ. ತಲೆಸುತ್ತು, ಮೈಗ್ರೇನಿಗೆ ಕೊಡುವ ಸಿನ್ನರಿಜಿನ್, ಫ್ಲುನಾರಿಜಿನ್, ವಾಂತಿಗೆ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್, ಹೊಟ್ಟೆಗೆ ಲೆವೊಸಲ್ಪಿರೈಡ್, ಮಾನಸಿಕ ಕಾಯಿಲೆಗೆ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಫಿಟ್ಸಿಗೆ ವ್ಯಾಲ್‌ಪ್ರೊಯೇಟ್. ಇವು ಕಂಡರೆ ಗುರುತು ಹಾಕಿ. ಮೆಟೊಕ್ಲೊಪ್ರಮೈಡನ್ನು 5 ದಿನಕ್ಕಿಂತ ಹೆಚ್ಚು ಕೊಡಬಾರದೆಂದು ಯುರೋಪಿನ ಔಷಧ ಸಂಸ್ಥೆ 2013ರಲ್ಲೇ ಹೇಳಿದೆ.

ಆಮೇಲೆ ತಾರೀಕು. ಮಾತ್ರೆ ಶುರುವಾದದ್ದು ಯಾವಾಗ, ನಡುಕ ಶುರುವಾದದ್ದು ಯಾವಾಗ? ಬರವಣಿಗೆ ಸಣ್ಣಗಾಗುವುದೂ ಇದರ ಲಕ್ಷಣವೇ, ಹಾಗಾಗಿ ನಮಗೆ ಹಾಲಿನ ಲೆಕ್ಕವೇ ಸಾಕ್ಷಿಯಾಯಿತು. ನಿಮ್ಮ ಮನೆಯಲ್ಲಿ ಬ್ಯಾಂಕಿನ ಸಹಿ ಇರಬಹುದು, ಮದುವೆಯ ವಿಡಿಯೊ ಇರಬಹುದು. ಮಾತ್ರೆ ಶುರುವಾದ ಮೇಲೆ ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ತೊಂದರೆ ಕಾಣಿಸಿಕೊಳ್ಳುತ್ತದೆ. ಕುರ್ಚಿಯಿಂದ ಎದ್ದು ನಡೆದು ತಿರುಗಿ ಬರುವುದನ್ನು ಮೊಬೈಲಿನಲ್ಲಿ ಹಿಡಿದಿಡಿ.

ಇದನ್ನೆಲ್ಲ ನರರೋಗ ತಜ್ಞರ ಮುಂದಿಡಿ. ಆದರೆ ದಯವಿಟ್ಟು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಮಾನಸಿಕ ಕಾಯಿಲೆಯ ಮಾತ್ರೆ, ಫಿಟ್ಸಿನ ಮಾತ್ರೆ ಥಟ್ಟನೆ ಬಿಟ್ಟರೆ ಅನಾಹುತವಾಗುತ್ತದೆ. ಅಮ್ಮನಿಗೆ ನಡುಕಕ್ಕೆಂದು ಒಬ್ಬರು ಟ್ರೈಹೆಕ್ಸಿಫೆನಿಡಿಲ್ ಶುರು ಮಾಡಿದ್ದರು. ವಯಸ್ಸಾದವರಿಗೆ ಅದರಿಂದ ಮರೆವು, ಗೊಂದಲ, ಮಲಬದ್ಧತೆ ಬರುತ್ತದೆ. ಅಮ್ಮ ರಾತ್ರಿ ಎದ್ದು ತೀರಿಹೋದ ಅಪ್ಪನಿಗೆ ಚಾಪೆ ಹಾಸಿದ್ದರು. ಆದ್ದರಿಂದ ಹೊಸ ಮಾತ್ರೆ ಬರೆಯುವಾಗ ‘ಡಾಕ್ಟ್ರೇ, ಈಗಿರೋದರಲ್ಲಿ ಯಾವುದಾದರೂ ಇದಕ್ಕೆ ಕಾರಣವಾ?’ ಎಂದು ಕೇಳಿಬಿಡಿ.

ಪಾರ್ಕಿನ್‌ಸನ್ ಬಹಳ ಸಲ ಒಂದು ಬದಿಯಲ್ಲಿ ಶುರುವಾಗುತ್ತದೆ, ಮಾತ್ರೆಯದು ಹೆಚ್ಚಾಗಿ ಎರಡೂ ಬದಿಗೆ. ಹಾಗೆಂದು ಅದೊಂದನ್ನೇ ನೆಚ್ಚುವಂತಿಲ್ಲ. ಬೇರೆ ಕಾಯಿಲೆಗಳೂ ಹೀಗೆ ಕಾಣುತ್ತವೆ. ಬಿಪಿ, ಸಕ್ಕರೆ ಇರುವವರಲ್ಲಿ ಮಿದುಳಿನ ಸಣ್ಣ ರಕ್ತನಾಳಗಳು ಕಟ್ಟಿಕೊಂಡರೆ ಕೈಗಿಂತ ಕಾಲು ಕೆಡುತ್ತದೆ. ನಡಿಗೆ ಕೆಟ್ಟು, ಮೂತ್ರ ತಡೆಯಲಾಗದೆ, ಮರೆವೂ ಸೇರಿಕೊಂಡರೆ ಮಿದುಳಿನಲ್ಲಿ ನೀರು ತುಂಬಿರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆ ಇದೆ. ಹದಿಹರೆಯದವರಿಗೆ ನಡುಕ ಬಂದರೆ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಯ ಪರೀಕ್ಷೆ ಆಗಲೇಬೇಕು.

ಅಮ್ಮನ ಮಾತ್ರೆಗಳನ್ನು ತಜ್ಞರು ನಿಲ್ಲಿಸಿದರು. ಮೊದಲ ತಿಂಗಳು ಏನೂ ಬದಲಾಗಲಿಲ್ಲ, ನನಗೆ ಕೈಕಾಲೇ ಆಡಲಿಲ್ಲ. ಆರು ತಿಂಗಳಾದರೂ ಕಾಯಬೇಕು ಎಂದಿದ್ದರು. ನಾಲ್ಕನೇ ತಿಂಗಳಿಗೆ ರವಿಕೆಯ ಹುಕ್ಕನ್ನು ತಾವೇ ಹಾಕಿಕೊಂಡರು. ಎಲ್ಲರಿಗೂ ಹೀಗಾಗುವುದಿಲ್ಲ. ಕೆಲವರಲ್ಲಿ ಒಳಗೇ ಅಡಗಿದ್ದ ಪಾರ್ಕಿನ್‌ಸನ್ನನ್ನು ಮಾತ್ರೆ ಮುಂಚೆ ಹೊರಗೆ ತಂದಿರುತ್ತದೆ; ನಡುಕ ಉಳಿದರೆ ಮತ್ತೆ ತೋರಿಸಬೇಕು.

ಕೊಡಬಾರದ ಔಷಧಿಗಳ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಅಮ್ಮನ ಪರ್ಸಿನಲ್ಲಿಟ್ಟಿದ್ದೇನೆ. ಮೊನ್ನೆ ಧರ್ಮಸ್ಥಳಕ್ಕೆ ಹೋಗುವಾಗ ಘಾಟಿಯಲ್ಲಿ ವಾಂತಿ ಶುರುವಾಯಿತು. ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ತೆಗೆಯುತ್ತಿದ್ದ ಡಾಕ್ಟರಿಗೆ ಅಮ್ಮನೇ ಚೀಟಿ ಚಾಚಿದರು. ಅವರು ಓದಿ, ಕೈಲಿದ್ದ ಮೆಟೊಕ್ಲೊಪ್ರಮೈಡ್ ಪಕ್ಕಕ್ಕಿಟ್ಟು ವಾಂತಿಗೇ ಕೊಡುವ ಬೇರೆ ಔಷಧಿ, ಒಂಡಾನ್ಸೆಟ್ರಾನ್ ಕೊಟ್ಟರು.